ಕಣ್ಣಿಗೆ ಕಾಣದ ಜಾಗದಲ್ಲಿ ಸೂಜಿ ಹಿಡಿಯುವುದು

ಕೆಮ್ಮಿದರೆ, ಸೀನಿದರೆ, ಮಂಡಕ್ಕಿ ಚೀಲ ಎತ್ತಿದರೆ ಮೂತ್ರ ಜಾರುತ್ತದೆ. ದಾವಣಗೆರೆಯಲ್ಲಿ ಈ ತೊಂದರೆ ಇರುವ ಹೆಂಗಸರು ಬೇಕಾದಷ್ಟಿದ್ದಾರೆ, ಆದರೆ ಇದನ್ನೇ ಹೇಳಿಕೊಂಡು ಒಪಿಡಿಗೆ ಬರುವವರು ಕಮ್ಮಿ. ಸೊಂಟ ನೋವು ಅಂತಾರೆ, ಬಿಳಿ ಸೆರಗು ಅಂತಾರೆ, ಇದನ್ನು ಮಾತ್ರ ಬಾಯಿ ಬಿಡುವುದಿಲ್ಲ. "ಮೂರು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಅಲ್ವಾ" ಅಂತ ಮನೆಯಲ್ಲಿ ಅತ್ತೆಯೂ ಹೇಳಿರುತ್ತಾರೆ.

ಇದರಿಂದ ಇನ್ನೊಂದು ನಷ್ಟವೂ ಇದೆ. ರೋಗಿಗಳೇ ಬರದಿದ್ದರೆ ಪಿಜಿ ಡಾಕ್ಟರುಗಳು, ಅಂದರೆ ಎಂಬಿಬಿಎಸ್ ಮುಗಿಸಿ ಹೆರಿಗೆ-ಸ್ತ್ರೀರೋಗ ಓದುತ್ತಿರುವವರು, ಇದರ ಆಪರೇಷನ್ ಕಲಿಯುವುದು ಯಾರ ಮೇಲೆ? ಮೂರು ವರ್ಷದಲ್ಲಿ ಸಿಸೇರಿಯನ್‌ಗೆ ಕೈ ಪಳಗುತ್ತದೆ. ಇದಕ್ಕೆ ಪಳಗುವುದಿಲ್ಲ.

ಈ ಸೋರಿಕೆಗೆ ಮಾಡುವ ಆಪರೇಷನ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ 1990ರ ದಶಕದಲ್ಲಿ ರೂಪಿಸಿದ ಟೇಪ್ ಆಪರೇಷನ್. ಸುಮಾರು 1 ಸೆಂಟಿಮೀಟರ್ ಅಗಲದ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಜಾಲರಿ ಪಟ್ಟಿಯನ್ನು ಮೂತ್ರನಾಳದ ನಡುಭಾಗದ ಕೆಳಗೆ ಜೋಲಿಯಂತೆ ಇಡುತ್ತಾರೆ. ಅರ್ಧ ಗಂಟೆ ಕೆಲಸ. ಕಷ್ಟ ಇರುವುದು ಸೂಜಿ ದಾಟಿಸುವ ಆ ಕೆಲವು ಕ್ಷಣದಲ್ಲಿ. ಯೋನಿಯ ಒಳಗಿನ ಸಣ್ಣ ಗಾಯದಿಂದ ಹೊರಟ ದಪ್ಪ, ಬಾಗಿದ ಸೂಜಿ ಮುಂದಿನ ಸೊಂಟದೆಲುಬಿನ ಹಿಂಬದಿಗೆ ಅಂಟಿಕೊಂಡೇ ಮೇಲೇರಿ ಹೊಟ್ಟೆಯ ಕೆಳಗೆ ಹೊರಬರಬೇಕು, ಎಲುಬು ಬಿಟ್ಟು ಸ್ವಲ್ಪ ಹಿಂದೆ ಸರಿದರೆ ಮೂತ್ರಕೋಶ, ಪಕ್ಕಕ್ಕೆ ವಾಲಿದರೆ ದೊಡ್ಡ ರಕ್ತನಾಳ. ತುದಿ ಎಲ್ಲಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗಬೇಕು. ಪಕ್ಕದಲ್ಲಿ ನಿಂತು ಎಷ್ಟು ನೋಡಿದರೂ ಇದು ಬರುವುದಿಲ್ಲ. ಅದಕ್ಕೇ ಮೊದಲು ಮಾದರಿಯ ಮೇಲೆ, ಶವದ ಮೇಲೆ ಕೈ ಆಡಿಸಬೇಕು, ಆಮೇಲೆ ಸೀನಿಯರ್ ಕೈ ಜೊತೆಗಿರುವಾಗ ರೋಗಿಯ ಮೇಲೆ.

ಸೂಜಿ ದಾಟಿಸಿದ ಮೇಲೆ ಸಿಸ್ಟೋಸ್ಕೋಪ್ ಎಂಬ ದುರ್ಬೀನು ನಳಿಕೆ ಹಾಕಿ ಮೂತ್ರಕೋಶದ ಒಳಗೆ ನೋಡುತ್ತಾರೆ. ತೂತಾಗಿದ್ದು ಅಲ್ಲೇ ಕಂಡರೆ ಸೂಜಿ ಹಿಂದಕ್ಕೆಳೆದು ಮತ್ತೆ ದಾಟಿಸಬಹುದು, ಕಾಣದೆ ಹೋದರೆ ಟೇಪು ಒಳಗೇ ಉಳಿದು ಕಲ್ಲು ಕಟ್ಟಬಹುದು. ಬಿಗಿಯ ಲೆಕ್ಕ ಇನ್ನೊಂದು. ಟೇಪಿಗೂ ನಾಳಕ್ಕೂ ನಡುವೆ ಕತ್ತರಿ ತುದಿ ಇಟ್ಟು ಸಡಿಲ ಉಳಿಸುತ್ತಾರೆ. ಜಾಸ್ತಿ ಎಳೆದರೆ ಸೋರಿಕೆ ನಿಲ್ಲುತ್ತದೆ, ಮೂತ್ರ ಹೋಗುವುದೂ ನಿಲ್ಲುತ್ತದೆ.

2018ರಲ್ಲಿ ಇಂಗ್ಲೆಂಡಿನಲ್ಲಿ ಜಾಲರಿಯ ತೊಂದರೆ ಅನುಭವಿಸಿದ ಹೆಂಗಸರು ದನಿ ಎತ್ತಿದ ಮೇಲೆ ಟೇಪ್ ಬಳಕೆಗೆ ತಡೆ ಬಿತ್ತು. ಆಗ ಹೊಲಿಗೆ ಹಾಕಿ ಮೂತ್ರಕೋಶದ ಕತ್ತನ್ನು ಎತ್ತಿ ಹಿಡಿಯುವ 1961ರ ಬರ್ಚ್ ಆಪರೇಷನ್, ರೋಗಿಯದೇ ಹೊಟ್ಟೆಯ ಸ್ನಾಯುವಿನ ಮೇಲಿನ ಗಟ್ಟಿ ಪೊರೆಯಿಂದ ಪಟ್ಟಿ ಮಾಡುವ ವಿಧಾನ ಮತ್ತೆ ಬೇಕಾದವು. ಟೇಪೊಂದನ್ನೇ ಕಲಿತವರಿಗೆ ಅವು ಹೊಸದು. ನಮ್ಮ ಪಿಜಿಗಳಿಗೆ ಈ ಪೊರೆ ಪಟ್ಟಿ ಕಲಿಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಟೇಪಿನ ಖರ್ಚಿಲ್ಲ, ಜೊತೆಗೆ ಪ್ರತಿ ಸಿಸೇರಿಯನ್‌ನಲ್ಲೂ ಅವರು ಕತ್ತರಿಸಿ ಹೊಲಿಯುವುದು ಇದೇ ಪೊರೆಯನ್ನು. ಅರ್ಧ ದಾರಿ ಆಗಲೇ ಗೊತ್ತು.

ಆದರೆ ಯಾರಿಗೆ ಆಪರೇಷನ್ ಬೇಡ ಅಂತ ಗುರುತಿಸುವುದು ಇದಕ್ಕಿಂತ ಮುಂಚಿನ ಪಾಠ. ಮೂತ್ರ ತುಂಬಿರುವಾಗ ಕೆಮ್ಮಿಸಿ ನೋಡಿದರೆ ತಕ್ಷಣ ಜಾರುತ್ತದಾ? ಅಥವಾ ಅವಸರವಾಗಿ, ಬಚ್ಚಲು ಮುಟ್ಟುವ ಮೊದಲೇ ಹೋಗುತ್ತದಾ? ಎರಡನೆಯದಕ್ಕೆ ಟೇಪು ಮದ್ದಲ್ಲ, ಅದಕ್ಕೆ ಮೂತ್ರ ತಡೆದು ಹಿಡಿಯುವ ಅಭ್ಯಾಸ, ಮಾತ್ರೆ ಬೇರೆ ಇವೆ. ಮೊದಲನೆಯದಕ್ಕೂ ಮೂರು ತಿಂಗಳು ಕೆಳಸ್ನಾಯು ಬಿಗಿಹಿಡಿಯುವ ವ್ಯಾಯಾಮ ಮಾಡಿಸಿ ನೋಡಬೇಕು, ಎಷ್ಟೋ ಜನಕ್ಕೆ ಅಲ್ಲಿಗೇ ಕಡಿಮೆಯಾಗುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಾಲದು. ಪರದೆ ಎಳೆದು, ಪರೀಕ್ಷೆ ಮಾಡುವಾಗಲೇ ಯಾವ ಸ್ನಾಯು ಅಂತ ತೋರಿಸಿ, "ಅಮ್ಮಾ, ಗಾಳಿ ತಡೆಯೋ ಹಾಗೆ ಒಳಗೆಳೀರಿ, ಉಸಿರು ಕಟ್ಟಬೇಡಿ" ಅಂತ ಪಿಜಿಯೇ ನಿಂತು ಹೇಳಿಕೊಡಬೇಕು.