ಮ್ಯಾಗ್ನೆಟ್ ನುಂಗಿದರೆ ಬಾಳೆಹಣ್ಣು ಸಾಲದು

2022ರ ನವೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಒಬ್ಬರ ಹೊಟ್ಟೆಯಿಂದ ಬಾಗಲಕೋಟೆಯ ವೈದ್ಯರು 187 ನಾಣ್ಯ ಹೊರತೆಗೆದ ಸುದ್ದಿ ನೆನಪಿರಬೇಕು. ಒಂದು, ಎರಡು, ಐದು ರೂಪಾಯಿಯವು, ಒಟ್ಟು 462 ರೂಪಾಯಿ, ತೂಕ ಒಂದು ಕೇಜಿಗೂ ಜಾಸ್ತಿ. ಆದರೆ ಸರ್ಜನ್‌ಗಳಿಗೆ ನಿಜಕ್ಕೂ ಭಯ ಹುಟ್ಟಿಸುವುದು ನಾಣ್ಯವಲ್ಲ, ಮೆಣಸಿನಕಾಳಿನಷ್ಟೇ ಇರುವ ಮ್ಯಾಗ್ನೆಟ್ ಗುಂಡು.

ನುಂಗಿದ ವಸ್ತುಗಳಲ್ಲಿ ನೂರಕ್ಕೆ 80–90 ಪಾಲು ತಾವಾಗಿಯೇ ಹೊರಗೆ ಹೋಗುತ್ತವೆ. ಮಗು ಏನಾದರೂ ನುಂಗಿದರೆ ಅಜ್ಜಿಯಂದಿರು 'ಬಾಳೆಹಣ್ಣು ತಿನ್ನಿಸು, ನಾಳೆ ಬರುತ್ತೆ' ಅನ್ನುವುದು ಇದೇ ಅನುಭವದಿಂದ. ಕರುಳು ತೂತಾಗುವುದು ಹೆಚ್ಚಾಗಿ ಮೀನಿನ ಮುಳ್ಳು, ಕೋಳಿ ಮೂಳೆ, ಹಲ್ಲುಕಡ್ಡಿ, ಪಿನ್ನಿನಂಥ ಚೂಪಾದವುಗಳಿಂದ. ಅದೂ ಅಪರೂಪ.

ಮ್ಯಾಗ್ನೆಟ್ ಚೂಪಲ್ಲ, ದುಂಡಗೆ, ನುಣ್ಣಗೆ ಇರುತ್ತದೆ. ಒಂದೇ ನುಂಗಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎರಡನ್ನು ಬೇರೆ ಬೇರೆ ಹೊತ್ತಿನಲ್ಲಿ ನುಂಗಿದಾಗ ಕಷ್ಟ ಶುರು: ಒಂದು ಕರುಳಿನ ಒಂದು ಸುರುಳಿಯಲ್ಲಿ, ಇನ್ನೊಂದು ಪಕ್ಕದ ಸುರುಳಿಯಲ್ಲಿ ಇದ್ದುಕೊಂಡೇ ಒಂದನ್ನೊಂದು ಎಳೆದು ಅಂಟಿಕೊಳ್ಳುತ್ತವೆ, ನಡುವೆ ಸಿಕ್ಕಿದ ಕರುಳಿನ ಗೋಡೆಗೆ ರಕ್ತ ಹೋಗದೆ ಆ ಜಾಗ ಸತ್ತು ತೂತಾಗುತ್ತದೆ, ಒಳಗಿನದು ಹೊಟ್ಟೆಯೆಲ್ಲ ಹರಡಿ ಸೋಂಕಾಗುತ್ತದೆ. ಮೊದಮೊದಲು ಸುಮ್ನೆ ವಾಂತಿ, ಹೊಟ್ಟೆನೋವು. ಯಾರಾದರೂ ಅಜೀರ್ಣ ಅಂದುಕೊಳ್ಳುತ್ತಾರೆ, ಅಲ್ವಾ?

ಹಳೆಯ ಕಪ್ಪು ಮ್ಯಾಗ್ನೆಟ್‌ಗಳಿಗೆ ಇಷ್ಟು ಶಕ್ತಿ ಇರಲಿಲ್ಲ. 1980ರ ದಶಕದ ಆರಂಭದಲ್ಲಿ ಜಪಾನಿನ ಸುಮಿಟೊಮೊ ಮತ್ತು ಅಮೆರಿಕದ ಜನರಲ್ ಮೋಟಾರ್ಸ್ ಬೇರೆ ಬೇರೆಯಾಗಿ ನಿಯೋಡಿಮಿಯಮ್ ಎಂಬ ಲೋಹ ಸೇರಿಸಿದ ಬಲು ಶಕ್ತಿಯ ಮ್ಯಾಗ್ನೆಟ್ ಕಂಡುಹಿಡಿದವು. ಮೋಟಾರು, ಹಾರ್ಡ್‌ಡಿಸ್ಕ್‌ಗಳಿಗೆ ವರದಾನವೇ ಸರಿ. ಅಗ್ಗವಾದ ಮೇಲೆ ಅದು ಆಟಿಕೆಗೂ ಬಂತು. 2002ರಲ್ಲೇ ಇಂಗ್ಲೆಂಡಿನ ಶೆಫೀಲ್ಡ್‌ನ ವೈದ್ಯರು ಎಚ್ಚರಿಸಿ ಬರೆದಿದ್ದರು. ಕಿವಿ, ಮೂಗು, ನಾಲಿಗೆ ಚುಚ್ಚಿಸಿಕೊಂಡಂತೆ ಕಾಣಲಿ ಎಂದು ಮಕ್ಕಳು ಎರಡು ಕಡೆಯಿಂದ ಮ್ಯಾಗ್ನೆಟ್ ಅಂಟಿಸಿಕೊಂಡು, ಕೆಲವರು ನುಂಗಿಯೂ ಬಿಟ್ಟಿದ್ದರು.

ಜಗತ್ತು ಎಚ್ಚೆತ್ತದ್ದು ಸಾವಾದ ಮೇಲೆ. 2005ರ ನವೆಂಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಮ್ಯಾಗ್ನೆಟಿಕ್ಸ್ ಎಂಬ ಆಟಿಕೆಯಿಂದ ಕಳಚಿ ಬಿದ್ದ ಮ್ಯಾಗ್ನೆಟ್ ನುಂಗಿ 20 ತಿಂಗಳ ಮಗು ತೀರಿಕೊಂಡಿತು. 2006ರ ಮಾರ್ಚ್‌ನಲ್ಲಿ 38 ಲಕ್ಷ ಸೆಟ್ ವಾಪಸ್ ಕರೆಸಿದರು. ಆಮೇಲೆ ಆಟಿಕೆಗಳ ನಿಯಮವೂ ಬಿಗಿಯಾಯಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 2009ರಲ್ಲಿ ಬಕಿಬಾಲ್ಸ್ ಬಂತು. ಐದು ಮಿಲಿಮೀಟರ್‌ನ 216 ಮ್ಯಾಗ್ನೆಟ್ ಗುಂಡುಗಳು, ದೊಡ್ಡವರು ಆಫೀಸ್ ಮೇಜಿನ ಮೇಲೆ ಬೇಜಾರು ಕಳೆಯಲು. ಆಟಿಕೆಯೇ ಅಲ್ಲ ಎಂದ ಮೇಲೆ ಆಟಿಕೆ ನಿಯಮ ಹೇಗೆ ತಗುಲೀತು? ಡಬ್ಬಿ ಮೇಲೆ 'ಮಕ್ಕಳಿಂದ ದೂರವಿಡಿ' ಎಂದು ದಪ್ಪಕ್ಷರದಲ್ಲಿ ಬರೆದರೆ ಸಾಕು ಎಂಬುದು ಕಂಪನಿಯ ವಾದ. ನನಗಿದು ಯಾವತ್ತೂ ಒಪ್ಪಿಗೆಯಾಗಿಲ್ಲ. ಡಬ್ಬಿಯಿಂದ ಹೊರಬಿದ್ದ ಗುಂಡಿನ ಮೇಲೆ ಏನೂ ಬರೆದಿರುವುದಿಲ್ಲ, ಸೋಫಾ ಕೆಳಗೆ ಉರುಳಿದ ಒಂದು 216ರಲ್ಲಿ ಕಡಿಮೆಯಾಯಿತೆಂದು ಯಾರು ಎಣಿಸುತ್ತಾರೆ?

2012ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಮೊಕದ್ದಮೆ ಹೂಡಿತು. ವರ್ಷದ ಕೊನೆಗೆ ಕಂಪನಿಯೇ ಮುಚ್ಚಿತು. 2014ರಲ್ಲಿ ಇಂಥ ಮ್ಯಾಗ್ನೆಟ್ ಸೆಟ್‌ಗಳ ಮೇಲೆಲ್ಲ ನಿಷೇಧ ಬಂತು. ಝೆನ್ ಮ್ಯಾಗ್ನೆಟ್ಸ್ ಎಂಬ ಇನ್ನೊಂದು ಕಂಪನಿ ಕೋರ್ಟಿಗೆ ಹೋಯಿತು, ಆಯೋಗ ಕೊಟ್ಟ ಕಾರಣ, ಅಂಕಿಅಂಶ ಸಾಲವೆಂದು ಮೇಲ್ಮನವಿ ಕೋರ್ಟ್ 2016ರ ನವೆಂಬರ್‌ನಲ್ಲಿ ಆ ನಿಯಮವನ್ನೇ ತೆಗೆದುಹಾಕಿತು. ಗುಂಡುಗಳು ಮತ್ತೆ ಅಂಗಡಿಗೆ, ಮಕ್ಕಳು ಮತ್ತೆ ಆಸ್ಪತ್ರೆಗೆ. 2017ರಿಂದ 2021ರವರೆಗೆ ವರ್ಷಕ್ಕೆ ಸುಮಾರು 2,400 ಮಂದಿ ಮ್ಯಾಗ್ನೆಟ್ ನುಂಗಿ ಅಲ್ಲಿನ ತುರ್ತು ವಿಭಾಗಕ್ಕೆ ಬಂದರೆಂದು ಆಯೋಗವೇ ಅಂದಾಜು ಮಾಡಿದೆ. ಹೊಸ ನಿಯಮ ಬಂದದ್ದು 2022ರಲ್ಲಿ: ಬಿಡಿಬಿಡಿಯಾಗಿ ಸಿಗುವ, ನುಂಗುವಷ್ಟು ಚಿಕ್ಕದಾದ ಮ್ಯಾಗ್ನೆಟ್‌ನ ಶಕ್ತಿಯ ಸೂಚ್ಯಂಕ 50ಕ್ಕಿಂತ ಕಡಿಮೆ ಇರಬೇಕು, ವಸ್ತು ದೊಡ್ಡವರದ್ದು ಎಂದು ಹೇಳಿಕೊಂಡರೂ ಸರಿ.

ಇಷ್ಟರಲ್ಲಿ ಶೆಫೀಲ್ಡ್‌ನ ಆ ಹಳೇ ಆಟ ಟಿಕ್‌ಟಾಕ್ ಹತ್ತಿ ವಾಪಸ್ ಬಂದಿತ್ತು. ಹಿಂದಿನ ಮೂರು ವರ್ಷದಲ್ಲಿ ಮ್ಯಾಗ್ನೆಟ್ ನುಂಗಿದ ಕನಿಷ್ಠ 65 ಮಕ್ಕಳಿಗೆ ತುರ್ತು ಆಪರೇಷನ್ ಬೇಕಾಯಿತೆಂದು 2021ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳಿತು. ಲೇಬಲ್ ಓದಲು ಬರುವ ವಯಸ್ಸಿನವರೇ ಹೀಗೆ ಮಾಡಿದರೆ ಲೇಬಲ್ ಏನು ಮಾಡೀತು?

ನಮ್ಮಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಅದು 14 ವರ್ಷದೊಳಗಿನವರು ಆಡಲೆಂದು ಮಾಡಿದ ವಸ್ತುಗಳಿಗೆ. 'ದೊಡ್ಡವರ ಸ್ಟ್ರೆಸ್ ಕಳೆಯಲು' ಎಂದು ಮಾರಿದ ಗುಂಡು ಎಲ್ಲಿ ನಿಲ್ಲುತ್ತದೆ? ಬಕಿಬಾಲ್ಸ್ ನುಸುಳಿದ ಸಂದಿಯೇ ಇದು.

ಮಗು ಮ್ಯಾಗ್ನೆಟ್ ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಬಾಳೆಹಣ್ಣು ತಿನ್ನಿಸಿ ಕಾಯಬೇಡಿ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ, 'ಮ್ಯಾಗ್ನೆಟ್' ಅಂತಲೇ ಹೇಳಿ. ಅಂಟಿಕೊಂಡ ಎರಡು ಗುಂಡು ಎಕ್ಸ್‌ರೇಯಲ್ಲಿ ಒಂದರ ಹಾಗೆ ಕಾಣುವುದುಂಟು. ಅದಕ್ಕೇ ವೈದ್ಯರು ಎದುರಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸುತ್ತಾರೆ. ಹೊಟ್ಟೆಯಲ್ಲೇ ಇದ್ದರೆ ಎಂಡೋಸ್ಕೋಪಿಯಲ್ಲಿ ತೆಗೆಯಬಹುದು. ಕರುಳಿಗಿಳಿದ ಮೇಲೆ ಅಷ್ಟು ಸುಲಭವಲ್ಲ.