ಪುಲ್-ಅಪ್ ಹಾಕಿ ನಿಧಾನಕ್ಕೆ ಬಿಡಿಸೋದಾ, ನೇರವಾಗಿ ಚಡ್ಡಿಗೆ ಬರೋದಾ?

ಓದುಗರ ಪ್ರಶ್ನೆ: ಮಗನಿಗೆ ಎರಡು ವರ್ಷ ಏಳು ತಿಂಗಳು. ಜೂನ್‌ನಲ್ಲಿ ನರ್ಸರಿಗೆ ಸೇರಿಸಬೇಕು, ಅಷ್ಟರೊಳಗೆ ಡೈಪರ್ ಬಿಟ್ಟಿರಬೇಕು ಅಂತ ಹೇಳಿದ್ದಾರೆ. ಪಾಟಿ ಮೇಲೆ ಕೂರಿಸಿದರೆ ಸುಮ್ಮನೆ ಕೂತಿರುತ್ತಾನೆ. ಎದ್ದು ಚಡ್ಡಿ ಹಾಕಿದ ಹತ್ತೇ ನಿಮಿಷಕ್ಕೆ ಒದ್ದೆ. ಕಕ್ಕ ಬಂದರೆ ಮಾತ್ರ ತಾನೇ ಡೈಪರ್ ತಂದು ಕೈಗೆ ಕೊಡುತ್ತಾನೆ. ಪುಲ್-ಅಪ್ ಹಾಕಿ ಸ್ವಲ್ಪ ಸ್ವಲ್ಪವೇ ಬಿಡಿಸೋದು ಒಳ್ಳೆಯದಾ, ಒಂದೇ ಸಲಕ್ಕೆ ಚಡ್ಡಿ ಹಾಕೋದಾ?

ಉತ್ತರ: ನೇರವಾಗಿ ಚಡ್ಡಿಗೇ ಬನ್ನಿ, ಆದರೆ ಮಗು ಎಚ್ಚರ ಇರುವಷ್ಟು ಹೊತ್ತು ಮಾತ್ರ. ಮಧ್ಯಾಹ್ನದ ನಿದ್ದೆಗೂ ರಾತ್ರಿಗೂ ಡೈಪರ್ ಇರಲಿ. ಈ ಗೆರೆ ಮಗುವಿಗೆ ಅರ್ಥವಾಗುತ್ತದೆ: ಎದ್ದರೆ ಚಡ್ಡಿ, ಮಲಗಿದರೆ ಡೈಪರ್. ಬೆಳಿಗ್ಗೆ ಚಡ್ಡಿ, ಹತ್ತು ಗಂಟೆಗೆ ಮನೆಗೆ ಯಾರೋ ಬಂದರು ಅಂತ ಡೈಪರ್, ಸಂಜೆ ಮತ್ತೆ ಚಡ್ಡಿ ಎಂದಾಗ ಯಾವಾಗ ಹಿಡಿದುಕೊಳ್ಳಬೇಕು, ಯಾವಾಗ ಬಿಡಬಹುದು ಎಂಬುದೇ ಅದಕ್ಕೆ ಗೊತ್ತಾಗುವುದಿಲ್ಲ. ವಾರಗಟ್ಟಲೆ ಎಳೆಯುವ ಟ್ರೇನಿಂಗ್‌ಗಳಲ್ಲಿ ಬಹುಪಾಲು ಸಿಕ್ಕಿಕೊಳ್ಳುವುದು ಇಲ್ಲೇ.

ಪುಲ್-ಅಪ್ ಹೊರಗಿನಿಂದ ಚಡ್ಡಿಯಂತೆ ಕಂಡರೂ ಒಳಗೆ ಡೈಪರೇ. ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಅದೇ ಪುಡಿ ಅದರಲ್ಲೂ ಇರುತ್ತದೆ. ಉಚ್ಚೆ ತಾಗಿದ ಕೂಡಲೇ ಹೀರಿಕೊಂಡು ಜೆಲ್ ಆಗುತ್ತದೆ, ಮೈಗೆ ತಾಗುವ ಪದರ ಒಣಗಿದಂತೆಯೇ ಇರುತ್ತದೆ. ಚರ್ಮಕ್ಕೆ ಇದು ಅನುಕೂಲ. ಆದರೆ ‘ಈಗ ನನ್ನಿಂದ ಏನೋ ಹೊರಬಂತು’ ಎಂಬ ಸುದ್ದಿ ಮಗುವಿಗೆ ತಲುಪುವುದೇ ಇಲ್ಲ. ಹತ್ತಿ ಚಡ್ಡಿಯಲ್ಲಿ ಅದೇ ಉಚ್ಚೆ ಬಿಸಿಬಿಸಿಯಾಗಿ ತೊಡೆಯಿಂದ ಪಾದಕ್ಕೆ ಇಳಿಯುತ್ತದೆ. ಮಗು ಆಟ ನಿಲ್ಲಿಸಿ ಕೆಳಗೆ ನೋಡುತ್ತದೆ. ಮೊದಲು ‘ಮಾಡಿದೆ’ ಎಂದು ಗೊತ್ತಾಗುತ್ತದೆ, ಆಮೇಲೆ ‘ಮಾಡುತ್ತಿದ್ದೇನೆ’, ಕೊನೆಗೆ ‘ಬರ್ತಿದೆ’. ಈ ಮೂರು ಮೆಟ್ಟಿಲನ್ನು ಯಾವ ಮಗುವೂ ಹಾರಿ ದಾಟುವುದಿಲ್ಲ, ಹಾಗಾಗಿ ಮೊದಲ ಎರಡು ಮೆಟ್ಟಿಲಲ್ಲಿ ನೆಲ ಒದ್ದೆಯಾಗಲೇಬೇಕು.

ಇನ್ನು ನಿಮ್ಮ ಮಗ. ಕಕ್ಕ ಬಂದಾಗ ತಾನೇ ಡೈಪರ್ ತಂದು ಕೊಡುತ್ತಾನೆ ಎಂದಿದ್ದೀರಿ. ಅದನ್ನು ಹಟ ಎಂದುಕೊಳ್ಳಬೇಡಿ. ಬರುವುದು ಮೊದಲೇ ಗೊತ್ತಾಗುತ್ತಿದೆ, ಡೈಪರ್ ಹಾಕುವ ತನಕ ತಡೆದುಕೊಳ್ಳಲೂ ಆಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಇದರ ಜೊತೆಗೆ ಒಂದೂವರೆ ಎರಡು ಗಂಟೆ ಡೈಪರ್ ಒಣಗಿರುತ್ತದೆಯೇ, ಚಡ್ಡಿಯನ್ನು ಮಂಡಿ ತನಕ ತಾನೇ ಇಳಿಸಿಕೊಳ್ಳುತ್ತಾನೆಯೇ, ‘ಚಪ್ಪಲಿ ಬಿಟ್ಟು ಒಳಗೆ ಬಾ’ ಎಂಬಂಥ ಎರಡು ಹಂತದ ಮಾತು ಕೇಳುತ್ತಾನೆಯೇ ನೋಡಿ. ಮೂರೂ ಹೌದಾದರೆ ಶುರು ಮಾಡಬಹುದು.

ಹತ್ತು ನಿಮಿಷಕ್ಕೆ ಒದ್ದೆಯಾಗುವುದಕ್ಕೆ ಕಾರಣ ಹೆಚ್ಚಾಗಿ ಚಡ್ಡಿಯ ಬಿಗಿ. ಎರಡೂವರೆ ವರ್ಷದಿಂದ ಸೊಂಟಕ್ಕೆ ಏನಾದರೂ ಅಪ್ಪಿಕೊಂಡಿದೆ ಎಂದರೆ ‘ಇಲ್ಲಿ ಬಿಡಬಹುದು’ ಎಂದೇ ಆ ದೇಹಕ್ಕೆ ಅಭ್ಯಾಸ. ಪಾಟಿ ಮೇಲೆ ಬರಿಮೈಲಿ ಕೂತಾಗ ಸ್ನಾಯು ಬಿಗಿಯಾಗಿರುತ್ತದೆ, ಚಡ್ಡಿ ಏರಿದ ಕೂಡಲೇ ಸಡಿಲವಾಗುತ್ತದೆ. ಅದಕ್ಕೆ ಮೊದಲ ಎರಡು ಮೂರು ದಿನ ಮನೆಯಲ್ಲಿ ಕೆಳಗೆ ಏನೂ ಬೇಡ, ಉದ್ದನೆಯ ಬನಿಯನ್ ಅಥವಾ ಜುಬ್ಬ ಸಾಕು. ಅದರಲ್ಲಿ ಪಾಟಿಗೆ ಹೋಗುವುದು ರೂಢಿಯಾದ ಮೇಲೆ ಎರಡು ಮೂರು ದಿನ ಒಳಚಡ್ಡಿ ಇಲ್ಲದೆ ಸಡಿಲ ಎಲಾಸ್ಟಿಕ್ ನಿಕ್ಕರ್. ಆಮೇಲೆ ಚಡ್ಡಿ. ಈ ಕ್ರಮದಲ್ಲಿ ಬಂದರೆ ಚಡ್ಡಿಯನ್ನು ಡೈಪರ್ ಎಂದುಕೊಳ್ಳುವ ಗೊಂದಲ ಬಹಳ ಮಟ್ಟಿಗೆ ತಪ್ಪುತ್ತದೆ.

ಚಡ್ಡಿ 10ರಿಂದ 12 ಬೇಕು. ಪೂರ್ತಿ ಹತ್ತಿಯವು, ಮಗುವಿನ ಅಳತೆಗಿಂತ ಒಂದು ಸೈಜ್ ದೊಡ್ಡವು, ಸೊಂಟದ ಎಲಾಸ್ಟಿಕ್ ಒಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು. ಜೀನ್ಸ್, ಡಂಗರಿ, ಲೆಗಿಂಗ್ಸ್ ಕಪಾಟಿನಲ್ಲೇ ಇರಲಿ; ಬಟನ್ ಬಿಚ್ಚುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ನಡುವೆ ದಪ್ಪ ಪದರ ಹೊಲಿದ ಟ್ರೇನಿಂಗ್ ಪ್ಯಾಂಟ್ ಎರಡು ಮೂರು ಸಾಕು. ಅದು ಅರ್ಧ ತಡೆಯುತ್ತದೆ, ಆದರೂ ಒದ್ದೆ ಗೊತ್ತಾಗುತ್ತದೆ, ಹಾಗಾಗಿ ಹೊರಗೆ ಹೋಗುವಾಗ ಉಪಯೋಗ.

ಕೂರುವ ಜಾಗದ ಬಗ್ಗೆ ಹೆಚ್ಚು ಗಮನ ಕೊಡಿ. ಪಾದ ಗಾಳಿಯಲ್ಲಿ ತೂಗಾಡಿದರೆ ಮಗುವಿಗೆ ಸರಿಯಾಗಿ ತಿಣುಕಲು ಆಗುವುದಿಲ್ಲ. ನೆಲದ ಮೇಲಿಡುವ ಪುಟ್ಟ ಪಾಟಿಯಾದರೆ ಪಾದ ನೆಲಕ್ಕೆ ಊರುತ್ತದೆ, ಸಮಸ್ಯೆಯೇ ಇಲ್ಲ. ಕಮೋಡ್ ಮೇಲೆ ಮಕ್ಕಳ ಸೀಟ್ ಇಡುವುದಾದರೆ ಕಾಲ ಕೆಳಗೆ ಗಟ್ಟಿಯಾದ ಸ್ಟೂಲ್ ಬೇಕೇ ಬೇಕು, ಮಂಡಿ ಸೊಂಟಕ್ಕಿಂತ ತುಸು ಮೇಲೆ ಇರಬೇಕು. ಭಾರತೀಯ ಶೈಲಿಯ ಪ್ಯಾನ್‌ನಲ್ಲಿ ಕುಕ್ಕರುಗಾಲಲ್ಲಿ ಕೂರುವ ಭಂಗಿ ಬಹಳ ಒಳ್ಳೆಯದು, ಆದರೆ ಪಾದ ಇಡುವ ಜಾಗ ಈ ವಯಸ್ಸಿಗೆ ತುಂಬಾ ಅಗಲ, ಬೀಳುವ ಭಯದಲ್ಲೇ ಮಗು ಬಿಗಿಹಿಡಿಯುತ್ತದೆ. ಅಲ್ಲಿ ಕೂರಿಸುವುದಾದರೆ ಎರಡೂ ಕೈ ಹಿಡಿದುಕೊಳ್ಳಿ. ತೊಳೆಯಲು ಜೆಟ್ ಸ್ಪ್ರೇ ಬೇಡ, ಅದರ ತಣ್ಣನೆಯ ರಭಸಕ್ಕೆ ಬೆದರಿ ಪಾಟಿಯನ್ನೇ ಬೇಡವೆನ್ನುವ ಮಕ್ಕಳಿದ್ದಾರೆ. ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು ಸಾಕು. ಹೆಣ್ಣುಮಕ್ಕಳಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಇಲ್ಲದಿದ್ದರೆ ಮೂತ್ರದ ಸೋಂಕಿಗೆ ದಾರಿ. ಗಂಡುಮಕ್ಕಳು ಮೊದಲು ಕೂತೇ ಕಲಿಯಲಿ, ನಿಂತು ಮಾಡುವುದು ಆಮೇಲೆ ತಾನಾಗಿ ಬರುತ್ತದೆ.

ಬೆಂಗಳೂರಿನಲ್ಲಿ ಶುರು ಮಾಡಲು ಮಾರ್ಚ್ ಕೊನೆಯಿಂದ ಮೇ ಮಧ್ಯದ ತನಕ ಸಕಾಲ. ಬಿಸಿಲಿಗೆ ಬಾಲ್ಕನಿಯ ಬಟ್ಟೆ ಕೆಲವೇ ಗಂಟೆಯಲ್ಲಿ ಒಣಗುತ್ತದೆ, ಬರಿಮೈಲಿ ಓಡಾಡಿದರೂ ಶೀತವಾಗುವುದಿಲ್ಲ. ಜೂನ್ ಮಳೆ ಹಿಡಿದ ಮೇಲೆ ಹನ್ನೆರಡು ಚಡ್ಡಿಯೂ ಸಾಲುವುದಿಲ್ಲ. ಡಿಸೆಂಬರ್–ಜನವರಿಯ ಚಳಿಯಲ್ಲಿ ಉಚ್ಚೆ ಪದೇ ಪದೇ ಬರುತ್ತದೆ, ಟೈಲ್ಸ್ ನೆಲ ಕೊರೆಯುತ್ತದೆ. ಆಗ ಆಗುವುದೇ ಇಲ್ಲ ಎಂದಲ್ಲ, ಕಷ್ಟ ಜಾಸ್ತಿ. ಮನೆ ಬದಲಾಯಿಸುವ ತಿಂಗಳು, ತಂಗಿಯೋ ತಮ್ಮನೋ ಹುಟ್ಟುವ ಹೊತ್ತು, ನರ್ಸರಿಗೆ ಸೇರಿದ ಮೊದಲ ವಾರ — ಇವು ಬೇಡ. ಜೂನ್‌ಗೆ ಶಾಲೆ ಎಂದರೆ ಏಪ್ರಿಲ್ ಮೊದಲ ವಾರದಲ್ಲಿ ಮನೆಯಲ್ಲೇ ಇರಬಹುದಾದ ಮೂರು ನಾಲ್ಕು ದಿನ ಹುಡುಕಿಕೊಳ್ಳಿ.

ಆ ದಿನ ಎದ್ದ ಕೂಡಲೇ ಡೈಪರ್ ಬಿಚ್ಚಿ ನೇರ ಪಾಟಿಗೆ. ಆಮೇಲೆ ತಿಂಡಿ, ಊಟವಾದ 20–30 ನಿಮಿಷಕ್ಕೆ, ಸ್ನಾನಕ್ಕೆ ಮುಂಚೆ, ಮಲಗುವ ಮುಂಚೆ, ಹೊರಡುವ ಮುಂಚೆ. ಊಟದ ನಂತರ ಕರುಳು ತಾನಾಗಿ ಚುರುಕಾಗುವುದರಿಂದ ಕಕ್ಕ ಬರುವ ಸಾಧ್ಯತೆ ಆಗಲೇ ಹೆಚ್ಚು. ನಡುವೆ ಒಂದೂವರೆ ಗಂಟೆಗೊಮ್ಮೆ ಸಾಕು. ಇಪ್ಪತ್ತು ನಿಮಿಷಕ್ಕೊಮ್ಮೆ ಅಲಾರಂ ಇಟ್ಟು ಕೂರಿಸುವ ಸಲಹೆ ನಮಗೆ ಒಪ್ಪಿಗೆಯಿಲ್ಲ. ಈ ವಯಸ್ಸಿನ ಮೂತ್ರಕೋಶ ಸುಮಾರು 135 ಮಿಲಿಲೀಟರ್ ಹಿಡಿಯುತ್ತದೆ. ಅದು ತುಂಬಲು ಬಿಟ್ಟರೆ ತಾನೇ ತುಂಬಿದ ಅನುಭವ ಬರುವುದು? ಪದೇ ಪದೇ ಕೂರಿಸಿದರೆ ಗಡಿಯಾರ ಕಲಿಯುವುದು ನೀವು, ಮಗು ಅಲ್ಲ. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ಬರದಿದ್ದರೆ ಎಬ್ಬಿಸಿಬಿಡಿ. ಕೈಗೆ ಮೊಬೈಲ್ ಕೊಟ್ಟು ಕೂರಿಸಿದರೆ ಗಮನ ಹೊಟ್ಟೆಯ ಕಡೆ ಹೋಗುವುದೇ ಇಲ್ಲ.

‘ಸುಸು ಬಂತಾ?’ ಎಂದು ಕೇಳಿದರೆ ಉತ್ತರ ‘ಇಲ್ಲ’ ಎಂದೇ. ‘ಸುಸು ಮಾಡಿ ಬಂದು ಕಾರ್ ಆಡೋಣ’ ಎನ್ನಿ. ನೆಲದ ಮೇಲೆ ಮಾಡಿಕೊಂಡರೆ ‘ಸುಸು ಪಾಟಿಗೆ’ ಎಂದಷ್ಟೇ ಹೇಳಿ, ಎತ್ತಿಕೊಂಡು ಹೋಗಿ ಕೂರಿಸಿ, ಕೊನೆಯ ಎರಡು ಹನಿ ಅಲ್ಲಿ ಬಿದ್ದರೂ ಲಾಭ. ಒದ್ದೆ ಚಡ್ಡಿಯನ್ನು ಅವನೇ ಬಕೆಟ್‌ಗೆ ಹಾಕಲಿ. ಗದರುವುದು, ‘ಛೀ’ ಅನ್ನುವುದು, ಪಕ್ಕದ ಮನೆಯ ಮಗುವಿಗೆ ಹೋಲಿಸುವುದು ಯಾವುದೂ ಬೇಡ. ಬೈಗುಳಕ್ಕೆ ಹೆದರಿದ ಮಗು ಪಾಟಿಗೆ ಓಡುವುದಿಲ್ಲ, ಸೋಫಾ ಹಿಂದೆ ಅಡಗಿ ಮಾಡಿಕೊಳ್ಳಲು ಕಲಿಯುತ್ತದೆ. ಮೊದಲ ದಿನ ಆರೇಳು ಸಲ ನೆಲ ಒರೆಸಬೇಕಾದೀತು, ನಾಲ್ಕೈದು ದಿನದಲ್ಲಿ ಇಳಿಯಬೇಕು. ಹತ್ತು ದಿನವಾದರೂ ಇಳಿಯದೆ, ಪಾಟಿ ಕಂಡರೆ ಅಳುತ್ತಾನೆ ಎಂದರೆ ನಿಲ್ಲಿಸಿ, ಆರೇಳು ವಾರ ಬಿಟ್ಟು ಮತ್ತೆ ಶುರು ಮಾಡಿ. ಅದರಿಂದ ಯಾವ ನಷ್ಟವೂ ಇಲ್ಲ.

ಮನೆಯಲ್ಲಿ ಅಜ್ಜಿ ಇದ್ದರೆ ಕಾಲ ಮೇಲೆ ಕೂರಿಸಿಕೊಂಡು ‘ಸ್ಸ್ಸ್’ ಎನ್ನುವುದು ಅವರಿಗೆ ಸಲೀಸು, ಅದು ಕೆಲಸವನ್ನೂ ಮಾಡುತ್ತದೆ. ಶುರುವಿನಲ್ಲಿ ಬಳಸಿ. ಆದರೆ ಆ ಸದ್ದಿಲ್ಲದೆ ಬರುವುದೇ ಇಲ್ಲ ಎಂಬಂತಾಗಬಾರದು, ಒಂದೆರಡು ವಾರದಲ್ಲಿ ಕಡಿಮೆ ಮಾಡಿ. ನೀವು ಆಫೀಸಿಗೆ ಹೋದಾಗ ನೋಡಿಕೊಳ್ಳುವವರು ಯಾರೇ ಇರಲಿ, ಎಚ್ಚರ ಇದ್ದಾಗ ಡೈಪರ್ ಇಲ್ಲ ಎಂಬ ನಿಯಮ ಅವರಿಗೂ ಒಪ್ಪಿಗೆಯಾಗಬೇಕು. ನೆಲ ಒರೆಸುವ ಕಷ್ಟ ಅವರದೇ, ಆದ್ದರಿಂದ ಅವರನ್ನು ಕೇಳದೆ ಶುರು ಮಾಡುವುದು ನ್ಯಾಯವೂ ಅಲ್ಲ.

ಉಚ್ಚೆಗಿಂತ ಕಕ್ಕದ ವಿಷಯ ಸೂಕ್ಷ್ಮ. ಡೈಪರ್ ಕೇಳಿದಾಗ ಕೊಡುವುದಿಲ್ಲ ಎಂದರೆ ಮಗು ತಡೆದುಕೊಳ್ಳುತ್ತದೆ. ತಡೆದಷ್ಟೂ ಮಲದ ನೀರನ್ನು ಕರುಳು ಹೀರಿಕೊಂಡು ಮಲ ಗಟ್ಟಿಯಾಗುತ್ತದೆ, ಮಾಡುವಾಗ ನೋಯುತ್ತದೆ, ನೋವಿಗೆ ಹೆದರಿ ಇನ್ನಷ್ಟು ತಡೆಯುತ್ತದೆ. ಕಾಲ ಬೆರಳ ಮೇಲೆ ನಿಂತು, ಪೃಷ್ಠ ಬಿಗಿಹಿಡಿದು, ಮುಖ ಕೆಂಪಾಗಿಸಿಕೊಂಡು ಗೋಡೆಗೆ ಒರಗಿದ್ದರೆ ತಿಣುಕುತ್ತಿದ್ದಾನೆ ಎಂದುಕೊಳ್ಳುತ್ತೇವೆ, ಬಹಳ ಸಲ ಅದು ಒಳಗೆ ತಡೆಹಿಡಿಯುವ ಭಂಗಿ. ಹೀಗೆ ತುಂಬಿಕೊಂಡ ಕರುಳು ಹಿಗ್ಗಿ ಸ್ಪರ್ಶ ಮಂದವಾಗುತ್ತದೆ, ಗಟ್ಟಿ ಮಲದ ಪಕ್ಕದಿಂದ ತೆಳುವಾದದ್ದು ಚಡ್ಡಿಗೆ ಸೋರುತ್ತದೆ. ಅದು ಸೋಮಾರಿತನವಲ್ಲ, ಮಲಬದ್ಧತೆ. ಮೂತ್ರಕೋಶದ ಮೇಲೂ ಒತ್ತಡ ಬಿದ್ದು ಉಚ್ಚೆಯೂ ಆಗಾಗ ಜಾರುತ್ತದೆ.

ಆದ್ದರಿಂದ ಕಕ್ಕಕ್ಕೆ ಮಾತ್ರ, ಎಚ್ಚರ ಇದ್ದಾಗಲೂ ಡೈಪರ್ ಕೊಡಿ, ಆದರೆ ಜಾಗ ಬದಲಿಸುತ್ತಾ ಬನ್ನಿ. ಮೂರು ನಾಲ್ಕು ದಿನ ಡೈಪರ್ ಹಾಕಿ ಬಚ್ಚಲಲ್ಲೇ ಮಾಡಲಿ. ಆಮೇಲೆ ಡೈಪರ್ ಹಾಕಿಕೊಂಡೇ ಪಾಟಿ ಮೇಲೆ ಕೂತು. ಆಮೇಲೆ ಟೇಪ್ ಸಡಿಲ ಬಿಟ್ಟು, ಅಥವಾ ಕೆಳಗೆ ತೂತು ಕತ್ತರಿಸಿದ ಡೈಪರ್. ಕೊನೆಗೆ ಬಿಚ್ಚಿದ ಡೈಪರನ್ನು ಪಾಟಿಯೊಳಗೆ ಹಾಸಿ. ಒಂದು ಹಂತದಲ್ಲಿ ಕಸಿವಿಸಿಯಾದರೆ ಹಿಂದಿನದಕ್ಕೆ ಹೋಗಿ. ಇದಕ್ಕೆ ಎರಡು ಮೂರು ವಾರ ಹಿಡಿದರೂ ಸರಿ.

ಹೊಟ್ಟೆ ಸಡಿಲ ಇರಬೇಕು ಎಂದರೆ ಹಾಲು ದಿನಕ್ಕೆ 400–500 ಮಿಲಿಗಿಂತ ಹೆಚ್ಚು ಬೇಡ. ಪರಂಗಿಹಣ್ಣು, ಸೀಬೆ, ಸೊಪ್ಪಿನ ಸಾರು, ನೆನೆಸಿ ಹಿಸುಕಿದ ಒಣದ್ರಾಕ್ಷಿ ಕೊಡಿ. ನೀರು, ಮಜ್ಜಿಗೆ, ಹಾಲು ಎಲ್ಲ ಸೇರಿ ದಿನಕ್ಕೆ ಸುಮಾರು ಒಂದು ಲೀಟರ್. ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಗುದದಲ್ಲಿ ಇಡುವುದು, ಸೋಪಿನ ತುಂಡು ಇಡುವುದು ದಯವಿಟ್ಟು ಬೇಡ. ಗಾಯವಾಗುತ್ತದೆ, ಇರುವ ಭಯ ದುಪ್ಪಟ್ಟಾಗುತ್ತದೆ. ಮಲ ಗಟ್ಟಿಯಾಗಿಯೇ ಉಳಿದರೆ ಮಕ್ಕಳ ವೈದ್ಯರು ತೂಕ ನೋಡಿ ಮೆದು ಮಾಡುವ ಸಿರಪ್ ಅಥವಾ ಪುಡಿ ಬರೆದುಕೊಡುತ್ತಾರೆ.

ಒಗೆಯುವಾಗ ಮೊದಲು ತಣ್ಣೀರು, ಬಿಸಿನೀರು ಮೊದಲೇ ಹಾಕಿದರೆ ಕಲೆ ಕೂರುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಗಡಸು ನೀರಿಗೆ ಹತ್ತಿ ಬಟ್ಟೆ ಹಪ್ಪಳದಂತಾಗಿ ತೊಡೆ ಸಂದಿ ಉಜ್ಜುತ್ತದೆ. ಕೊನೆಯ ಜಾಲಾಡುವಿಕೆಗೆ ಬಕೆಟ್‌ಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿದರೆ ಮೆತ್ತಗಾಗುತ್ತದೆ. ನೆಲದ ಉಚ್ಚೆಯನ್ನು ಮೊದಲು ಬಟ್ಟೆಯಲ್ಲಿ ಹೀರಿಸಿ ಆಮೇಲೆ ಒರೆಸಿ, ನೇರ ಬ್ಲೀಚ್ ಸುರಿಯಬೇಡಿ, ಉಚ್ಚೆಯ ಅಮೋನಿಯ ಸೇರಿ ಘಾಟು ಅನಿಲ ಬರುತ್ತದೆ. ರಾತ್ರಿಯ ಡೈಪರನ್ನು ಪೇಪರ್‌ನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ ಬೇರೆಯಾಗಿ ಕೊಡಬೇಕು ಎಂಬುದು ಗೊತ್ತೇ ಇದೆ.

ಹೊರಗೆ ಹೋಗುವಾಗ ಎಲ್ಲರ ಭಯ ಟ್ರಾಫಿಕ್. ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡಾಗ ‘ಅಮ್ಮ ಸುಸು’ ಎಂದರೆ ಏನು ಮಾಡುವುದು? ಮಡಚುವ ಪಾಟಿ ಕಾರಿನಲ್ಲಿರಲಿ, ಎರಡು ಜೊತೆ ಬಟ್ಟೆ, ಒದ್ದೆ ಬಟ್ಟೆಗೆ ಜಿಪ್ ಕವರ್. ಮೈಸೂರಿನಂಥ ದೂರದ ಪ್ರಯಾಣಕ್ಕೆ ಪುಲ್-ಅಪ್ ಬಳಸಿ, ಆದರೆ ಒಳಗೆ ಚಡ್ಡಿ, ಅದರ ಮೇಲೆ ಪುಲ್-ಅಪ್. ಒದ್ದೆಯಾದದ್ದು ಮಗುವಿಗೆ ಗೊತ್ತಾಗುತ್ತದೆ, ಸೀಟು ಉಳಿಯುತ್ತದೆ. ನಮ್ಮ ಪ್ರಕಾರ ಪುಲ್-ಅಪ್‌ಗೆ ಇರುವ ಒಳ್ಳೆಯ ಉಪಯೋಗ ಇದೊಂದೇ.

ನರ್ಸರಿಗೆ ಸೇರಿಸುವ ಮುಂಚೆ ಅಲ್ಲಿನ ಟಾಯ್ಲೆಟ್ ಮಗುವಿಗೆ ತೋರಿಸಿ ಬನ್ನಿ. ಯಾರು ಕರೆದೊಯ್ಯುತ್ತಾರೆ, ಎಷ್ಟು ಹೊತ್ತಿಗೊಮ್ಮೆ ಎಂದು ಕೇಳಿ. ಆಯಾ ತಮಿಳೋ ತೆಲುಗೋ ಹಿಂದಿಯೋ ಮಾತಾಡುವವರಿರಬಹುದು, ಆದ್ದರಿಂದ ಕಿರುಬೆರಳು ಎತ್ತಿ ತೋರಿಸುವುದನ್ನು ಮನೆಯಲ್ಲೇ ರೂಢಿ ಮಾಡಿಸಿ.

ರಾತ್ರಿಯದು ಬೇರೆ ಲೆಕ್ಕ. ನಿದ್ದೆಯಲ್ಲಿ ಉಚ್ಚೆಯ ಉತ್ಪತ್ತಿ ತಗ್ಗಿಸುವ ಹಾರ್ಮೋನ್ ಸಾಕಷ್ಟು ಬರುವುದು ವಯಸ್ಸಿನಿಂದ, ಅಭ್ಯಾಸದಿಂದಲ್ಲ. ವಾರವಿಡೀ ಬೆಳಿಗ್ಗೆ ಡೈಪರ್ ಒಣಗಿದ್ದರೆ ಆಗ ತೆಗೆಯಿರಿ, ಹಾಸಿಗೆಗೆ ರಬ್ಬರ್ ಶೀಟ್ ಹಾಕಿಕೊಂಡು. ಐದು ವರ್ಷದ ತನಕ ರಾತ್ರಿ ಒದ್ದೆ ಮಾಡಿಕೊಂಡರೆ ಚಿಂತೆ ಬೇಡ. ಆದರೆ ಉಚ್ಚೆ ಮಾಡುವಾಗ ಅಳು, ಕಾರಣವಿಲ್ಲದ ಜ್ವರ, ಉಚ್ಚೆಯಲ್ಲೋ ಮಲದಲ್ಲೋ ರಕ್ತ, ಇಡೀ ದಿನ ಹನಿಹನಿಯಾಗಿ ತೊಟ್ಟಿಕ್ಕುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ತಿಂಗಳುಗಟ್ಟಲೆ ಚಡ್ಡಿಯಲ್ಲೇ ಸರಿಯಾಗಿದ್ದ ಮಗು ಮತ್ತೆ ಒದ್ದೆ ಮಾಡಿಕೊಳ್ಳತೊಡಗಿ, ಜೊತೆಗೆ ವಿಪರೀತ ನೀರು ಕುಡಿಯುತ್ತಾ ಸಣ್ಣಗಾಗುತ್ತಿದ್ದರೆ ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.