ಪ್ರೋಟೀನ್ ಸರಿಯಾಗಿದ್ದರೂ ಕೆಚ್ಚಲು ಬಾವು ಇರಬಹುದಾ?

ಪ್ರಶ್ನೆ: ಹಾಲಿನ ಪರೀಕ್ಷೆಯಲ್ಲಿ ಪ್ರೋಟೀನ್ ಶೇ. 3.3 ಬಂದಿದೆ. ಕೆಚ್ಚಲು ಊದಿಲ್ಲ, ಹಾಲು ಗಡ್ಡೆ ಕಟ್ಟಿಲ್ಲ. ಹಾಲಿನ ಪ್ರೋಟೀನ್ ನೋಡಿ ಕೆಚ್ಚಲು ಬಾವು ಕಂಡುಹಿಡಿಯಬಹುದು ಅಂತಾರಲ್ಲ, ಹಾಗಾದರೆ ನಮ್ಮ ಹಸುವಿಗೆ ಬಾವು ಇಲ್ಲ ಅಂತಲೇ ಅಲ್ವಾ?

ಉತ್ತರ: ಹಾಗೆ ಹೇಳಲು ಬರುವುದಿಲ್ಲ. ನಿಮ್ಮ ಕೈಯಲ್ಲಿರುವುದು ಒಟ್ಟು ಪ್ರೋಟೀನಿನ ಲೆಕ್ಕ. ಬಾವು ಬಂದಾಗ ಈ ಮೊತ್ತ ಅಷ್ಟಾಗಿ ಅಲುಗಾಡುವುದೇ ಇಲ್ಲ. ಬದಲಾಗುವುದು ಅದರೊಳಗೆ ಯಾವ ಪ್ರೋಟೀನ್ ಎಷ್ಟಿದೆ ಎನ್ನುವುದು.

ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸಿನ್. ಹಾಲು ಒಡೆದಾಗ ಗಟ್ಟಿಯಾಗಿ ಕೂರುವುದು ಅದೇ. ಉಳಿದ 20 ಪಾಲು ಮೇಲೆ ನಿಲ್ಲುವ ತಿಳಿನೀರಿನಲ್ಲಿರುತ್ತದೆ. ಕೇಸಿನ್ ತಯಾರಾಗುವುದು ಕೆಚ್ಚಲಿನ ಜೀವಕೋಶಗಳಲ್ಲಿ. ಸೋಂಕು ತಗುಲಿದರೆ ಆ ಕೋಶಗಳ ಕೆಲಸ ಕುಗ್ಗುತ್ತದೆ, ಕೇಸಿನ್ ಇಳಿಯುತ್ತದೆ. ಜೊತೆಗೆ ಕೋಶಗಳ ನಡುವಿನ ಬಿಗಿಯೂ ಸಡಿಲವಾಗಿ, ರಕ್ತದ ಪ್ರೋಟೀನ್‌ಗಳು ಹಾಲಿಗೆ ಸೋರುತ್ತವೆ. ಆಲ್ಬುಮಿನ್ ಬರುತ್ತದೆ, ರೋಗನಿರೋಧಕ ಪ್ರೋಟೀನ್‌ಗಳೂ ಬರುತ್ತವೆ. ಒಂದು ಇಳಿಯಿತು, ಇನ್ನೊಂದು ಏರಿತು, ಮೊತ್ತ ಮಾತ್ರ ಹೆಚ್ಚುಕಮ್ಮಿ ಅಷ್ಟೇ!

ಸೋರಿಕೆಯಲ್ಲಿ ಬರುವ ಇನ್ನೊಂದು ಅತಿಥಿ ಪ್ಲಾಸ್ಮಿನ್. ಇದು ಕೇಸಿನ್ ಅನ್ನು ಕತ್ತರಿಸುವ ಕಿಣ್ವ. ಪಾಶ್ಚರೀಕರಣದ ಬಿಸಿಯನ್ನೂ ತಾಳಿಕೊಳ್ಳುವಷ್ಟು ಗಟ್ಟಿಗ. ಹಾಗಾಗಿ ಹಾಲು ಕರೆದ ಮೇಲೂ ಇದರ ಕೆಲಸ ನಿಲ್ಲುವುದಿಲ್ಲ. ಬಾವಿನ ಹಾಲಿನಿಂದ ಚೀಸ್ ಮಾಡಿದರೆ ಇಳುವರಿ ಕಡಿಮೆ ಬರುವುದು ಸುಮ್ನೆ ಅಲ್ಲ. ಸೋಡಿಯಂ, ಕ್ಲೋರೈಡ್ ಕೂಡ ರಕ್ತದಿಂದ ಹೀಗೆಯೇ ಹಾಲಿಗೆ ಸೋರುತ್ತವೆ. ಹಾಲು ಉಪ್ಪುಪ್ಪಾಗುವುದು ಅದಕ್ಕೆ.

ಹಾಗಾದರೆ ಯಾವ ಪ್ರೋಟೀನ್ ನೋಡಬೇಕು? ಆಲ್ಬುಮಿನ್ ಏರಿದರೆ ಸೋರಿಕೆ ಇದೆ ಎಂದು ತಿಳಿಯುತ್ತದೆ. ಆದರೆ ಅದು ಆರೋಗ್ಯವಂತ ಹಸುವಿನ ಹಾಲಿನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಅದಕ್ಕಿಂತ ಒಳ್ಳೆಯ ಸುಳಿವು ಕೊಡುವುದು ಸಾಮಾನ್ಯ ದಿನಗಳಲ್ಲಿ ಹಾಲಿನಲ್ಲಿ ಕಾಣಿಸಿಕೊಳ್ಳದೆ, ಸೋಂಕು ಬಂದಾಗ ಮಾತ್ರ ಧುಮುಕುವಂಥವು. ಹ್ಯಾಪ್ಟೋಗ್ಲೋಬಿನ್ ಅಂಥದ್ದು. ಇದು ಹೆಚ್ಚಾಗಿ ಯಕೃತ್ತಿನಲ್ಲಿ ತಯಾರಾಗುತ್ತದೆ. ಆದರೆ ಒಂದು ತೊಡಕಿದೆ. ಗರ್ಭಕೋಶಕ್ಕೆ ಸೋಂಕಾಗಲಿ, ಗೊರಸು ಕೆಡಲಿ, ಯಕೃತ್ತು ಅದನ್ನು ರಕ್ತಕ್ಕೆ ಸುರಿಯುತ್ತದೆ. ಹಸುವಿಗೆ ಏನೋ ಆಗಿದೆ ಎಂದು ಗೊತ್ತಾಯಿತು, ಎಲ್ಲಿ ಎಂದು ಗೊತ್ತಾಗಲಿಲ್ಲ.

ಇಲ್ಲಿ ನನಗೆ ತುಂಬ ಇಷ್ಟವಾಗುವುದು ಸೀರಂ ಅಮೈಲಾಯ್ಡ್ ಎ3. ಅದೇ ಕುಟುಂಬದ ಬೇರೆ ರೂಪಗಳು ಯಕೃತ್ತಿನಲ್ಲಿ ಹುಟ್ಟಿದರೆ, ಈ ರೂಪ ಕೆಚ್ಚಲಿನಲ್ಲೇ ಹುಟ್ಟುತ್ತದೆ. ಹಾಲಿನಲ್ಲಿ ಇದು ಏರಿದರೆ ಬೆರಳು ನೇರವಾಗಿ ಕೆಚ್ಚಲಿನ ಕಡೆಗೇ ತೋರಿಸುತ್ತದೆ. ಕ್ಯಾಥೆಲಿಸಿಡಿನ್ ಇನ್ನೊಂದು. ಸೋಂಕಿನ ಜೊತೆ ಹೋರಾಡಲು ಬರುವ ಬಿಳಿ ರಕ್ತಕಣಗಳು ತಮ್ಮೊಳಗೆ ತುಂಬಿಕೊಂಡು ಬರುವ ಪ್ರೋಟೀನ್ ಇದು. ಆ ಕಣಗಳು ಹಾಲಿಗೆ ಇಳಿದು ಕೆಲಸ ಶುರುಮಾಡಿದರೆ ಹಾಲಿನಲ್ಲಿ ಇದು ಸಿಗುತ್ತದೆ. ಲ್ಯಾಕ್ಟೋಫೆರಿನ್ ಕೂಡ ಏರುತ್ತದೆ. ಸೂಕ್ಷ್ಮಜೀವಿಗಳಿಗೆ ಬೇಕಾದ ಕಬ್ಬಿಣವನ್ನು ಹಿಡಿದಿಟ್ಟು ಅವುಗಳನ್ನು ಉಪವಾಸ ಕೆಡವುವುದು ಅದರ ಕೆಲಸ.

ಇದೆಲ್ಲ ಯಾಕೆ, ಹಾಲಿನಲ್ಲಿರುವ ಜೀವಕೋಶಗಳನ್ನು (ಬಾವು ಬಂದಾಗ ಇವುಗಳಲ್ಲಿ ಹೆಚ್ಚಿನವು ಆ ಬಿಳಿ ರಕ್ತಕಣಗಳೇ) ಎಣಿಸಿದರೆ ಸಾಲದೇ ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಒಂದು ಮಿಲಿಲೀಟರ್‌ನಲ್ಲಿ 2 ಲಕ್ಷ ಕೋಶ ದಾಟಿದರೆ ಒಳಗೊಳಗೇ ಇರುವ ಬಾವು ಎಂದು ಶಂಕಿಸುವುದು ವಾಡಿಕೆ. 1957ರಲ್ಲಿ ಬಂದ ಕ್ಯಾಲಿಫೋರ್ನಿಯಾ ಪರೀಕ್ಷೆಯೂ ಇದೇ ಕೋಶಗಳನ್ನು ನೆಚ್ಚಿಕೊಂಡಿದೆ. ತಟ್ಟೆಯಲ್ಲಿ ಹಾಲಿಗೆ ದ್ರಾವಣ ಹಾಕಿ ಅಲ್ಲಾಡಿಸಿದರೆ ಕೋಶಗಳು ಒಡೆದು, ಒಳಗಿನ ಡಿಎನ್‌ಎಯಿಂದ ಹಾಲು ಲೋಳೆಯಾಗುತ್ತದೆ. ಅಗ್ಗ, ಕೊಟ್ಟಿಗೆಯಲ್ಲೇ ಆಗುತ್ತದೆ. ನನ್ನ ಕೇಳಿದರೆ ದಿನನಿತ್ಯಕ್ಕೆ ಇವತ್ತಿಗೂ ಇದೇ ಮೊದಲು. ಆದರೆ ಲೋಳೆ ಎಷ್ಟು ಎಂದು ಕಣ್ಣಳತೆಯಲ್ಲಿ ಹೇಳಬೇಕು. ಒಬ್ಬರಿಗೆ ತೆಳು ಕಂಡದ್ದು ಇನ್ನೊಬ್ಬರಿಗೆ ಗಟ್ಟಿ ಕಾಣುತ್ತದೆ. ಪ್ರೋಟೀನ್ ಹಾಗಲ್ಲ, ಬೇಕಾದ ಪ್ರೋಟೀನನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯ ಬಳಸಿ ಅಳೆದರೆ ಅಂಕಿಯಲ್ಲೇ ಸಿಗುತ್ತದೆ. ಸೋಂಕು ತಗುಲಿದ ಕೆಲವೇ ಗಂಟೆಗಳಲ್ಲಿ ಏರಲು ಶುರುವಾಗುವವೂ ಇವೆ. ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನಂತೂ ಕೆಲವು ದೊಡ್ಡ ಫಾರಂಗಳಲ್ಲಿ ಹಾಲು ಕರೆಯುವಾಗಲೇ ಯಂತ್ರ ಅಳೆಯುತ್ತದೆ. ಕಿಣ್ವವೂ ಪ್ರೋಟೀನೇ ತಾನೆ.

ಮೋಸ ಹೋಗುವ ಜಾಗಗಳೂ ಇವೆ. ಗಿಣ್ಣದ ಹಾಲಿನಲ್ಲಿ ಅಮೈಲಾಯ್ಡ್ ಎ3, ರೋಗನಿರೋಧಕ ಪ್ರೋಟೀನ್‌ಗಳು, ಜೀವಕೋಶಗಳು ಎಲ್ಲವೂ ಸಹಜವಾಗಿಯೇ ಜಾಸ್ತಿ. ಕರು ಹಾಕಿದ ಮೊದಲ ದಿನಗಳ ಹಾಲನ್ನು ಅಳೆದು ಗಾಬರಿಯಾಗಬೇಡಿ. ರೋಗಾಣು ಯಾವುದು ಎಂಬುದೂ ಮುಖ್ಯ. ಇ. ಕೋಲಿ ಬಂದರೆ ಈ ಪ್ರೋಟೀನ್‌ಗಳು ಜೋರಾಗಿ ಏರುತ್ತವೆ. ಸ್ಟ್ಯಾಫಿಲೊಕಾಕಸ್ ಮೆಲ್ಲಗೆ ಒಳಗೇ ಬೇರೂರುವ ಜಾತಿ, ಅದು ಬಂದಾಗ ಏರಿಕೆ ಅಷ್ಟು ಜೋರಾಗಿರದು. ಏರಿಕೆ ನೋಡಿ ಯಾವ ರೋಗಾಣು ಎಂದು ಖಚಿತವಾಗಿ ಹೇಳುವುದು ಮಾತ್ರ ಸಾಧ್ಯವಿಲ್ಲ. ಅದಕ್ಕೆ ಲ್ಯಾಬ್‌ನಲ್ಲಿ ಹಾಲಿನ ಕಲ್ಚರ್, ಅಂದರೆ ಅದರಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಲೇಬೇಕು. ಪ್ರೋಟೀನ್ ಏರಿದೆ ಎಂದ ಮಾತ್ರಕ್ಕೆ ಆ್ಯಂಟಿಬಯೋಟಿಕ್ ಕೊಡುವುದು ಸರಿಯಲ್ಲ.

ಇನ್ನು ನಿಮ್ಮ ಹಸುವಿನ ವಿಷಯ. ಆ ರಿಪೋರ್ಟ್ ಬಹುಶಃ ನಾಲ್ಕೂ ಮೊಲೆಯ ಹಾಲು ಸೇರಿಸಿದ್ದು. ಕೆಚ್ಚಲಿನ ನಾಲ್ಕು ಭಾಗಗಳು ಒಳಗೆ ಬೇರೆ ಬೇರೆ. ಒಂದರ ಹಾಲು ಇನ್ನೊಂದಕ್ಕೆ ಹೋಗುವುದಿಲ್ಲ. ಮೂರು ಭಾಗದಲ್ಲಿ ತಲಾ 50,000 ಕೋಶ, ನಾಲ್ಕನೆಯದರಲ್ಲಿ 4 ಲಕ್ಷ ಇದೆ ಎಂದುಕೊಳ್ಳಿ. ಎಲ್ಲವೂ ಒಂದೇ ಅಳತೆಯ ಹಾಲು ಕೊಟ್ಟರೆ ಸರಾಸರಿ 1,37,500 ಬರುತ್ತದೆ. 2 ಲಕ್ಷದ ಗೆರೆಯೊಳಗೇ ಇದೆ, ಕೆಟ್ಟ ಭಾಗ ಅಡಗಿ ಕೂತಿದೆ. ಪ್ರೋಟೀನ್ ಸುಳಿವುಗಳೂ ಹೀಗೆಯೇ ತೆಳುವಾಗುತ್ತವೆ. ಮುಂದಿನ ಸಲ ಕರೆಯುವ ಮೊದಲು ಮೊದಲ ಧಾರೆಗಳನ್ನು ಬಿಟ್ಟು, ಪ್ರತಿ ಮೊಲೆಯ ಹಾಲನ್ನೂ ತಟ್ಟೆಯ ಬೇರೆ ಬೇರೆ ಗುಳಿಗೆ ಹಿಂಡಿ ಕ್ಯಾಲಿಫೋರ್ನಿಯಾ ಪರೀಕ್ಷೆ ಮಾಡಿ. ಯಾವುದು ಲೋಳೆಯಾಯಿತೋ ಆ ಮೊಲೆಯ ಹಾಲನ್ನು ಶುಚಿಯಾದ ಶೀಶೆಯಲ್ಲಿ ಹಿಡಿದು, ತಣ್ಣಗಿಟ್ಟು ಪಶುವೈದ್ಯರಿಗೆ ತಲುಪಿಸಿ.